ಆಕಾಶನೌಕೆಯಲ್ಲಿ ಫ್ಯೂಸ್ ಕಾಯುವ ಕೆಲಸ

ತಾವರಗೇರಾದ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಖಾನಾವಳಿ ಇತ್ತು. ಆ ಭಾನುವಾರ ಮಧ್ಯಾಹ್ನ ಊಟದ ಗದ್ದಲ ಮುಗಿದ ಮೇಲೆ ಅಲ್ಲಿ ಉಳಿದವರು ಐದು ಜನ. ಗೋಡೆಗೆ ಬೆನ್ನು ಹಚ್ಚಿ ಕಾಲು ಚಾಚಿ ಕುಳಿತವರು ಪೋಸ್ಟ್ ಆಫೀಸಿನ ಕಾಕಾ. ಹಿಟ್ನಾಳದವರು, ಐವತ್ತು ದಾಟಿದವರು, ರಜೆಯ ದಿನವೂ ಅಂಗಿಯ ಕಿಸೆಯಲ್ಲಿ ಎರಡು ಪೆನ್ನು ಇಟ್ಟುಕೊಳ್ಳುವವರು. ಅವರ ಎದುರಿಗೆ ದನದ ದವಾಖಾನೆಯ ಕಂಪೌಂಡರ್, ಎಷ್ಟು ಸಲ ಕೈ ತೊಳೆದರೂ ಔಷಧಿಯ ವಾಸನೆ ಬಿಡದ ಮನುಷ್ಯ. ಬಾಗಿಲ ಹತ್ತಿರ ಇರಕಲ್ಲಗಡದ ಲೈನ್‌ಮನ್, ಮೂವತ್ತರ ಗಟ್ಟಿ ಆಳು. ನಡುವೆ ನಾನು, ಊರಿಗೆ ಬಂದು ಇನ್ನೂ ಎರಡು ವರ್ಷ ತುಂಬದ ಹೈಸ್ಕೂಲಿನ ವಿಜ್ಞಾನದ ಮಾಸ್ತರ. ಐದನೆಯವಳು ಒಲೆಯ ಮುಂದಿನ ಅಕ್ಕ. ಖಾನಾವಳಿ ಅವಳದೇ. ನಮ್ಮ ನಾಲ್ವರಲ್ಲಿ ಯಾರಿಗೆ ಎಷ್ಟು ರೊಟ್ಟಿ, ಯಾರು ಪುಂಡಿಪಲ್ಯ ಕಂಡರೆ ಮುಖ ತಿರುಗಿಸುತ್ತಾರೆ, ಯಾರಿಗೆ ಊರಿಂದ ಕಾಗದ ಬಂದ ದಿನ ಊಟ ಸೇರುವುದಿಲ್ಲ, ಎಲ್ಲ ಅವಳಿಗೆ ಗೊತ್ತಿತ್ತು.

ಭಾನುವಾರ ನಮಗೆ ಹೋಗಲು ಜಾಗವಿರಲಿಲ್ಲ. ಊರಿಗೆ ಹೋಗಿ ಬರುವಷ್ಟು ಬಸ್ಸುಗಳಿರಲಿಲ್ಲ, ಇಸ್ಪೀಟು ಆಡಲು ಅಕ್ಕ ಬಿಡುತ್ತಿರಲಿಲ್ಲ. ಹೀಗಿರುವಾಗ ನನ್ನ ಕೈಗೆ ಒಂದು ಪುಸ್ತಿಕೆ ಬಂತು. ನನ್ನ ಚಿಕ್ಕಪ್ಪನ ಮಗ ಮುಂಬಯಿಯಲ್ಲಿ ಹಡಗಿನ ಕೆಲಸಕ್ಕಿದ್ದ. ಅವನ ಜೊತೆಗಿದ್ದ ಯಾವನೋ ಪರದೇಶದವನು ಬಿಟ್ಟುಹೋದದ್ದಂತೆ. ಅದು ಇಂಗ್ಲಿಷಿನಲ್ಲಿ ಬರೆದ ಒಂದು ಆಟ. ಆಡುವವರೆಲ್ಲ ನಕ್ಷತ್ರಗಳ ನಡುವೆ ಹೊರಟ ಒಂದು ಹಡಗಿನ ಸಿಬ್ಬಂದಿ. ಮೊದಲಿಗೆ ಒಬ್ಬೊಬ್ಬರೂ ಒಂದೊಂದು ಕೆಲಸ ಆರಿಸಿಕೊಳ್ಳಬೇಕು: ಕ್ಯಾಪ್ಟನ್, ಚಾಲಕ, ಡಾಕ್ಟರ್, ಇಂಜಿನಿಯರ್. ಆಮೇಲೆ ಒಬ್ಬ ಕಥೆ ಹೇಳುತ್ತ ಹೋಗುತ್ತಾನೆ, ಉಳಿದವರು ತಮ್ಮ ತಮ್ಮ ಕೆಲಸಕ್ಕೆ ತಕ್ಕ ಹಾಗೆ ‘ನಾನು ಹೀಗೆ ಮಾಡ್ತೀನಿ’ ಅನ್ನಬೇಕು. ಮಾಡಿದ್ದು ಆಯಿತೋ ಇಲ್ಲವೋ ಎನ್ನುವುದನ್ನು ದಾಳ ಹೇಳುತ್ತದೆ. ಮಣೆ ಇಲ್ಲ, ಕಾಯಿ ಇಲ್ಲ, ಎಲ್ಲ ಬಾಯಲ್ಲೇ. ದಾಳದ ಬದಲು ಅಕ್ಕನ ಚೌಕಾಬಾರದ ನಾಲ್ಕು ಕವಡೆ ತೆಗೆದುಕೊಂಡೆವು. ಒಂದು ಬಿದ್ದರೆ ಕೆಲಸ ಕೆಟ್ಟಿತು, ಎರಡಕ್ಕೆ ಹೇಗೋ ಆಯಿತು, ಮೂರಕ್ಕೆ ಚೆನ್ನಾಗಿ ಆಯಿತು, ಅದರ ಮೇಲೆ ಬಿದ್ದರೆ ಕೇಳುವುದೇ ಬೇಡ.

ಕಥೆ ಹೇಳುವ ಕೆಲಸ ನನ್ನದಾಯಿತು. ಯಲಬುರ್ಗಾ ಕಡೆಯ ನಮ್ಮ ಊರಲ್ಲಿ ನಮ್ಮಜ್ಜ ಕಥೆ ಶುರು ಮಾಡುವ ಮೊದಲು ಕಟ್ಟೆಯ ಮೇಲೆ ಕುಳಿತವರನ್ನೆಲ್ಲ ಒಮ್ಮೆ ನೋಡಿ, "ಹ್ಞೂಂ ಅನ್ನವ್ರು ಯಾರದೀರಿ?" ಎಂದು ಕೇಳುತ್ತಿದ್ದ. ಹ್ಞೂಂಗುಟ್ಟುವವರಿಲ್ಲದೆ ಬಾಯಿ ತೆಗೆಯುತ್ತಿರಲಿಲ್ಲ. ಮಾತಿಗೆ ಮಾತು ಕೂಡಿಸುವುದನ್ನು ನಾನು ಕಲಿತದ್ದು ಅವನಿಂದ. ಹಾಗಾಗಿ ನಾನೂ ಅದನ್ನೇ ಕೇಳಿದೆ.

"ನಾ ಅಂತೀನಿ ತಗೋ ತಮ್ಮಾ," ಎಂದಳು ಅಕ್ಕ, ಮರುದಿನದ ಹೆಸರುಕಾಳು ಆರಿಸುತ್ತ. "ಆಕಾಶಕ್ಕ ನೀವು ಹೋಗ್ರಿ. ನನಗ ಹ್ಞೂಂ ಅನ್ನೂದಷ್ಟ ಸಾಕು."

ಈಗ ಕೆಲಸ ಆರಿಸಿಕೊಳ್ಳುವ ಸರದಿ. ಇದು ಐದು ನಿಮಿಷದ್ದು ಅಂದುಕೊಂಡಿದ್ದೆ. ಬಿಸಿಲು ಬಾಗಿಲಿಂದ ಒಲೆಯ ತನಕ ಸರಿಯಿತು, ಆಯ್ಕೆ ಮುಗಿಯಲಿಲ್ಲ.

"ಕ್ಯಾಪ್ಟನ್ ನಾನ. ಅದರಾಗ ಕೇಳೂದೇನೈತಿ?" ಎಂದರು ಕಾಕಾ.

"ಯಾಕ್ರಿ ಕಾಕಾರ, ಬಿಳೇ ಕೂದಲಕ್ಕೇನ್ರಿ?" ಎಂದ ಕಂಪೌಂಡರ್.

"ಮೂವತ್ತು ವರ್ಷದಾಗ ನನ್ನ ಕೈಯಾಗ ಒಂದು ಟಪಾಲು ಚೀಲ ತಪ್ಪಿಲ್ಲಲೇ. ಹಡಗ ತಪ್ಪೀತೇನು?"

ಕಾಕಾ ಕ್ಯಾಪ್ಟನ್ ಆದರು.

"ಹಂಗಾರ ಕಂಪೌಂಡರ್ರು ಡಾಕ್ಟರ್," ಎಂದು ನಾನು ಬರೆದುಕೊಳ್ಳಲು ಹೋದೆ.

"ಏ, ಬ್ಯಾಡ್ರಿ ಮಾಸ್ತರ್ರ! ವಾರಪೂರ್ತಿ ಎಮ್ಮಿ ಬಾಲ ಹಿಡದು ಸಾಕಾಗೇತಿ. ಐತವಾರೂ ಅದ ಏನ್ರಿ? ನಾ ಹಡಗ ಹೊಡೀತೀನಿ."

ಬಾಗಿಲ ಬಳಿಯ ಲೈನ್‌ಮನ್ ಗಹಗಹಿಸಿ ನಕ್ಕ. "ಸೈಕಲ್ ಹೊಡ್ಯಾಕ ಬರಂಗಿಲ್ಲ ಈ ಮನಿಷ್ಯಾಗ. ಹಡಗ ಹೊಡೀತಾನಂತ!"

"ಸೈಕಲ್ಲಿಗೆ ನಾಯಿ ಅಡ್ಡ ಬರ್ತಾವಪಾ. ಆಕಾಶದಾಗ ನಾಯಿ ಎಲ್ಲಿರ್ತಾವ?"

ಒಲೆಯ ಕಡೆಯಿಂದ "ಹ್ಞೂಂ, ಅದು ಖರೆ" ಎಂದು ಅಕ್ಕನ ತೀರ್ಪು ಬಂತು. ಹಡಗು ನಡೆಯುವಾಗ ಚಾಲಕ, ನಿಂತಾಗ ಡಾಕ್ಟರ್ ಎಂದು ಒಪ್ಪಂದವಾಯಿತು.

ಉಳಿದದ್ದು ಇಂಜಿನಿಯರ್. ಪುಸ್ತಿಕೆಯ ಪ್ರಕಾರ ಅವನೇ ಹಡಗಿನ ಜೀವಾಳ. ಯಂತ್ರ ಕೆಟ್ಟರೆ, ತಂತಿ ಹರಿದರೆ, ಹೊರಗಿನ ಕಂಬ ಮುರಿದರೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹೊರಗೆ ಹೋಗುವವನು ಅವನು. ನಾವು ಮೂವರೂ ಒಟ್ಟಿಗೆ ಲೈನ್‌ಮನ್ ಕಡೆ ತಿರುಗಿದೆವು. ಇದು ಅವನಿಗಾಗಿಯೇ ಬರೆದಿಟ್ಟ ಹಾಗಿತ್ತಲ್ಲ.

"ನಾ ಒಲ್ಲೆ," ಎಂದ ಅವನು. ಆಗಷ್ಟೇ ಇದ್ದ ನಗು ಮುಖದ ಮೇಲಿರಲಿಲ್ಲ.

"ಮತ್ತೇನಾಗ್ತೀಪಾ?"

"ಪ್ಯಾಸೆಂಜರ್. ಟಿಕೆಟ್ ತಗೊಂಡು ಕಿಡಕಿ ಬಾಜೂಕ ಕುಂದ್ರತೀನಿ. ನಿಮ್ಮ ಹಡಗ ಎಲ್ಲಿ ಇಳಸ್ತೈತೋ ಅಲ್ಲಿ ಇಳೀತೀನಿ."

"ಪುಸ್ತಕದಾಗ ಪ್ಯಾಸೆಂಜರ್ ಇಲ್ಲೋ ಮಾರಾಯಾ," ಎಂದೆ ನಾನು.

"ಬರಕೋರಿ ಹಂಗಾರ. ಪೆನ್ನು ನಿಮ್ಮ ಕೈಯಾಗ ಐತಲ್ಲ?"

ಬರೆದುಕೊಂಡೆ. ಇಂಜಿನಿಯರ್ ಇಲ್ಲದೆ, ಒಬ್ಬ ಪ್ಯಾಸೆಂಜರನನ್ನು ಕೂಡಿಸಿಕೊಂಡು ತಾವರಗೇರಾದಿಂದ ಹೊರಟ ಹಡಗು ಅದೊಂದೇ ಇದ್ದೀತು.

ಎರಡನೆಯ ಭಾನುವಾರ ಪ್ರಯಾಣ ಶುರುವಾಯಿತು. ಚಂದ್ರನನ್ನು ದಾಟಿ ನೆಟ್ಟಗೆ ದೊಡ್ಡ ನಕ್ಷತ್ರಕ್ಕೆ ಹೋಗಬೇಕೆಂದು ಪುಸ್ತಿಕೆ ಹೇಳುತ್ತಿತ್ತು. ನಮ್ಮ ಕ್ಯಾಪ್ಟನ್ ಒಪ್ಪಲಿಲ್ಲ. ದಾರಿಯಲ್ಲಿ ಸಿಕ್ಕ ಒಂದೊಂದು ಚುಕ್ಕಿಗೂ ಹಡಗು ನಿಲ್ಲಬೇಕು, ಟಪಾಲು ಇದ್ದರೆ ಇಳಿಸಬೇಕು, ಇಲ್ಲದಿದ್ದರೆ ಇಲ್ಲ ಎಂದು ಸಹಿ ತಗೊಳ್ಳಬೇಕು.

"ಕುಷ್ಟಗಿಗೆ ಹೋಗೂ ಬಸ್ಸು ನಡುವಿನ ಹಳ್ಳಿ ಬಿಡ್ತೈತೇನು? ಚುಕ್ಕ್ಯಾಗಿನ ಮಂದಿ ಮಂದಿ ಅಲ್ಲೇನು?" ಎಂದು ಅವರ ವಾದ. ಚಾಲಕನಾದ ಕಂಪೌಂಡರ್ ನಿಲ್ಲಿಸಿ ನಿಲ್ಲಿಸಿ ಸಾಕಾಗಿ, ನಾಲ್ಕನೆಯ ಚುಕ್ಕಿಯಲ್ಲಿ ಡಾಕ್ಟರ್ ಆಗಿ ಇಳಿದು ಅಲ್ಲಿಯ ಎರಡು ತಲೆಯ ಪ್ರಾಣಿಗೆ ಹೊಟ್ಟೆಯುಬ್ಬರದ ಔಷಧಿ ಕುಡಿಸಿದ. ಎರಡು ಬಾಯಲ್ಲಿ ಯಾವ ಬಾಯಿಗೆ ಔಷಧಿಯ ಬಿದಿರು ಗೊಟ್ಟ ಹಾಕಬೇಕು ಎಂಬ ಚರ್ಚೆಯಲ್ಲಿ ಚಹಾ ಆರಿಹೋಯಿತು. ಪ್ಯಾಸೆಂಜರ್ ಮಾತ್ರ ಕಿಟಕಿಯಿಂದ ನೋಡುತ್ತ, "ಹೊರಗ ಕತ್ತಲಿ ಭಾಳ ಛಲೋ ಕಾಣತೈತಿ" ಅನ್ನುತ್ತ ಖುಷಿಯಾಗಿದ್ದ. ಅಕ್ಕ ಹ್ಞೂಂ ಅನ್ನುವುದನ್ನು ತಪ್ಪಿಸಲಿಲ್ಲ.

ಮೂರನೆಯ ಭಾನುವಾರ ನಾನು ಒಂದು ತಪ್ಪು ಮಾಡಿದೆ. ಕಥೆಗೆ ಸ್ವಲ್ಪ ಬಿಸಿ ಬೇಕೆಂದು ಹಡಗಿನ ನೆತ್ತಿಯ ಮೇಲಿನ ಕಂಬದ ತುದಿ ಮುರಿಸಿದೆ. ಭೂಮಿಯ ಮಾತು ಕೇಳಿಸುವ ತಂತಿ ಅದರ ಮೇಲೇ ಇತ್ತು. ಈಗ ಯಾರಾದರೂ ಹೊರಗೆ ಹೋಗಿ ಹತ್ತಲೇಬೇಕು.

"ಪ್ಯಾಸೆಂಜರ್!" ಎಂದು ಕಾಕಾ ಗುಡುಗಿದರು. ಅವರು ಕ್ಯಾಪ್ಟನ್‌ಗಿರಿಯನ್ನು ಮೈಮೇಲೆ ತಂದುಕೊಂಡಿದ್ದರು. "ಕ್ಯಾಪ್ಟನ್ ಹುಕುಂ ಮಾಡ್ಯಾನ. ಎದ್ದೇಳು, ಹತ್ತು ಕಂಬ!"

ಲೈನ್‌ಮನ್ ಎದ್ದ. ಚಪ್ಪಲಿ ಮೆಟ್ಟಿಕೊಂಡು, ಅರ್ಧ ಉಳಿದ ಚಹಾದ ಕಪ್ಪನ್ನು ಹೊಸ್ತಿಲ ಮೇಲಿಟ್ಟು ಹೊರಗೆ ಹೋದ. ಆಟಕ್ಕಾಗಿ ಹೋದ ಎಂದುಕೊಂಡು ನಾವು ಕಾದೆವು. ಅವನು ಹಿಂತಿರುಗಲಿಲ್ಲ. ಒಲೆಯ ಕಡೆಯಿಂದ ಹ್ಞೂಂ ನಿಂತುಹೋಗಿತ್ತು.

"ಆ ಹುಡುಗನ ಬಲಗೈ ಯಾರರ ನೋಡೀರೇನು?" ಎಂದಳು ಅಕ್ಕ.

ನಾನೂ ಕಾಕಾರೂ ನೋಡಿರಲಿಲ್ಲ. ಒಂದು ವರ್ಷ ಅವನ ಪಕ್ಕದಲ್ಲೇ ಕುಳಿತು ಉಂಡಿದ್ದೆವು.

"ರೊಟ್ಟಿ ಎಡಗೈಲೆ ಹಿಡದು ಹರೀತಾನ. ಬಲಗೈ ಅಂಗೈ ಸುಟ್ಟು ಚರ್ಮ ಜಗ್ಗೇತಿ. ಅದಕ್ಕ ನಾ ಅವಗ ಮೆತ್ತನ್ನ ರೊಟ್ಟಿ ಹಾಕೂದು, ಕಟಕ ರೊಟ್ಟಿ ಹಾಕಂಗಿಲ್ಲ."

ಉಳಿದದ್ದನ್ನು ಕಂಪೌಂಡರ್ ಹೇಳಿದ. ಅವನಿಗೆ ಗೊತ್ತಿತ್ತು, ಯಾರಿಗೂ ಹೇಳಬೇಡವೆಂದು ಲೈನ್‌ಮನ್ ಆಣೆ ಹಾಕಿಸಿಕೊಂಡಿದ್ದನಂತೆ. ಹಿಂದಿನ ವರ್ಷ, ಇಲ್ಲಿಗೆ ವರ್ಗವಾಗಿ ಬರುವ ಮೊದಲು, ಒಂದು ಹಳ್ಳಿಯಲ್ಲಿ ತಂತಿ ಹರಿದಿತ್ತು. ಕರೆಂಟು ನಿಲ್ಲಿಸಲು ಲೈನ್‌ಮನ್ ಟ್ರಾನ್ಸ್‌ಫಾರ್ಮರಿನ ಮೂರೂ ಪಿಂಗಾಣಿ ಫ್ಯೂಸು ಕಿತ್ತ. ಕಿತ್ತ ಫ್ಯೂಸನ್ನು ತನ್ನ ಕಿಸೆಯಲ್ಲೋ ಚೀಲದಲ್ಲೋ ಇಟ್ಟುಕೊಂಡೇ ಕಂಬ ಹತ್ತಬೇಕು, ಅದು ಲೈನ್‌ಮನ್‌ಗಳ ಮೊದಲ ಪಾಠ. ಅವತ್ತು ಅವಸರ. ಫ್ಯೂಸನ್ನು ಟ್ರಾನ್ಸ್‌ಫಾರ್ಮರಿನ ಕಟ್ಟೆಯ ಮೇಲಿಟ್ಟು ಹತ್ತಿದ. ಹೊಲಕ್ಕೆ ನೀರು ಬಿಡುವ ಆತುರದಲ್ಲಿದ್ದ ಒಬ್ಬ, ಮೇಲೆ ಆಳಿದ್ದಾನೆ ಎಂಬುದನ್ನೇ ನೋಡದೆ, ಬಂದು ಅವನ್ನು ಸಿಕ್ಕಿಸಿಬಿಟ್ಟ. ಸೊಂಟದ ಬೆಲ್ಟು ಇದ್ದುದರಿಂದ ಲೈನ್‌ಮನ್ ಕೆಳಗೆ ಬೀಳದೆ ಕಂಬಕ್ಕೆ ಜೋತಾಡಿದ.

"ಅವತ್ತಿಂದ ಒಂದು ಕಂಬಾ ಹತ್ತಿಲ್ರಿ ಅಂವ," ಎಂದ ಕಂಪೌಂಡರ್. "ಜೋಡಿ ಲೈನ್‌ಮನ್ ಅದಾನಲ್ಲ, ಆ ಮುದುಕ, ಅಂವ ಹತ್ತತಾನ. ಇಂವ ಕೆಳಗ ನಿಂತು ಹಗ್ಗ ಹಿಡೀತಾನ. ಆ ಮುದುಕಂದು ಈ ತಿಂಗಳ ಕೊನಿಗೆ ರಿಟೈರ್ ಐತಿ. ಮುಂದ ಈ ಊರಾಗ ಹತ್ತಾಕ ಇಂವ ಒಬ್ಬನ. ಕಂಬ ಹತ್ತದ ಲೈನ್‌ಮನ್ನನ್ನ ಯಾರ ಇಟ್ಟಗೊಂತಾರ?"

ಕಾಕಾ ಎರಡೂ ಪೆನ್ನು ಕಿಸೆಯಿಂದ ತೆಗೆದು ಮತ್ತೆ ಇಟ್ಟುಕೊಂಡರು. "ಅದಕ್ಕ ಮೊನ್ನೆ ನನ್ನ ಕಡೆ ರಜಿಸ್ಟರ್ ಲಕೋಟಿ ಕೇಳಾಕ ಬಂದಿದ್ದ. ಕೆಲಸ ಬಿಡತೀನಿ ಅಂತ ಅರ್ಜಿ ಬರ್ದಾನಂತ. ಲಕೋಟಿ ಖಾಲಿ ಆಗ್ಯಾವ, ಮುಂದಿನ ವಾರ ಬಿಟ್ಟು ಅದರ ಮುಂದಿನ ಸೋಮವಾರ ಬಾ ಅಂದೀನಿ."

"ಖರೇನ ಖಾಲಿ ಆಗ್ಯಾವೇನ್ರಿ?" ಎಂದು ಕೇಳಿದೆ.

"ಕಪಾಟಿನಾಗ ಎರಡು ಕಟ್ಟು ಅದಾವ," ಎಂದರು ಮೂವತ್ತು ವರ್ಷ ಒಂದು ಚೀಲ ತಪ್ಪಿಸದ ಕಾಕಾ, ಗೋಡೆಯ ಕಡೆ ನೋಡುತ್ತ.

ಆ ವಾರ ಲೈನ್‌ಮನ್ ಊಟಕ್ಕೆ ತಡವಾಗಿ ಬಂದು ಬೇಗ ಎದ್ದುಹೋಗುತ್ತಿದ್ದ. ನಾಲ್ಕನೆಯ ಭಾನುವಾರ ಅವನು ಬರುವುದಿಲ್ಲ ಎಂದುಕೊಂಡಿದ್ದೆವು. ಬಂದ. ಅಕ್ಕ ಎಣ್ಣೆಗಾಯಿ ಮಾಡಿದ್ದಳು. ಅದಕ್ಕೇ ಬಂದನೋ ಏನೋ. ಊಟವಾದ ಮೇಲೆ ಪುಸ್ತಿಕೆ ತೆಗೆಯಲು ನನಗೆ ಧೈರ್ಯವಿರಲಿಲ್ಲ. ಅಕ್ಕನೇ ಕೈ ಒರೆಸಿಕೊಂಡು ಬಂದು ನಮ್ಮ ನಡುವೆ ಕುಳಿತಳು. ಅವಳು ನಮ್ಮ ಜೊತೆ ಕುಳಿತದ್ದು ಅದೇ ಮೊದಲು.

"ಮಾಸ್ತರ್ರ, ಆ ಹಡಗಿನಾಗ ಫ್ಯೂಸ್ ಇರತಾವೇನು?"

ಪುಸ್ತಿಕೆಯಲ್ಲಿ ಅಂಥದ್ದೇನೂ ಇರಲಿಲ್ಲ. "ಇರಲೇಬೇಕಲ್ರಿ ಅಕ್ಕಾ," ಎಂದೆ.

"ಒಬ್ಬಾಂವ ಹೊರಗ ಕಂಬ ಹತ್ತಿದಾಗ ಆ ಫ್ಯೂಸ್ ಯಾರ ಹಂತ್ಯಾಕ ಇರತಾವ?"

"ನನ್ನ ಹಂತ್ಯಾಕ," ಎಂದರು ಕಾಕಾ. "ಕ್ಯಾಪ್ಟನ್ ನಾನಲ್ಲ?"

ಲೈನ್‌ಮನ್ ತಲೆ ಎತ್ತದೆ ಅಂದ: "ನೀವು ಮುಂದಿನ ಚುಕ್ಕಿ ಬಂತಂದ್ರ ಚೀಲ ಹೊತಗೊಂಡು ಓಡ್ತೀರಿ ಕಾಕಾರ. ಫ್ಯೂಸ್ ನೆನಪಿರತಾವ ನಿಮಗ?"

"ಹಂಗಾರ ನಾನು," ಎಂದ ಕಂಪೌಂಡರ್.

"ನೀನಾ? ನಿನ್ನ ಛತ್ರಿ ಎಲ್ಲಿ ಬಿಟ್ಟೀದಿ ಅಂತ ನಿನಗ ಗೊತ್ತಿಲ್ಲ. ನಾಕು ದಿನದಿಂದ ಅಕ್ಕನ ಅಟ್ಟದ ಮ್ಯಾಲ ಐತಿ."

ಮಾತು ಮತ್ತೆ ಅವನ ಬಾಯಿಗೆ ಬಂದದ್ದಕ್ಕೆ ನಮಗೆಲ್ಲ ಜೀವ ಬಂತು. ನನ್ನ ಹೆಸರು ಬರುವ ಮೊದಲೇ ನಾನು ಕೈ ಮುಗಿದೆ. ಕಥೆಯ ಭರದಲ್ಲಿ ಏನು ಮಾಡಿಬಿಡುತ್ತೇನೋ ಎಂದು ನನ್ನ ಮೇಲೆ ನನಗೇ ನಂಬಿಕೆಯಿರಲಿಲ್ಲ.

ಅಕ್ಕ ಬುಟ್ಟಿಯಿಂದ ಮೂರು ಉಳ್ಳಾಗಡ್ಡಿ ಎತ್ತಿಕೊಂಡಳು. ಸೀರೆಯ ಮುಂದಿನ ಮಡಿಕೆ ಬಿಚ್ಚಿ ಉಡಿ ಮಾಡಿ ಅದರೊಳಗೆ ಹಾಕಿ, ಅಂಚನ್ನು ಸೊಂಟಕ್ಕೆ ಗಟ್ಟಿಯಾಗಿ ಸಿಕ್ಕಿಸಿದಳು.

"ಬರಕೋರಿ ಮಾಸ್ತರ್ರ. ನಾನೂ ಬಂದೆ ಹಡಗಿನಾಗ. ನನ್ನ ಕೆಲಸ ಇಷ್ಟ. ಫ್ಯೂಸ್ ಉಡ್ಯಾಗ ಇಟಗೊಂಡು ಕುಂದ್ರೂದು."

ಲೈನ್‌ಮನ್ ಅವಳನ್ನು ದಿಟ್ಟಿಸಿ ನೋಡಿದ. ಆಮೇಲೆ ಪರೀಕ್ಷೆ ತಗೊಳ್ಳುವ ಮಾಸ್ತರನ ಹಾಗೆ ಕೇಳತೊಡಗಿದ. ಅವನ ದನಿಯಲ್ಲಿ ಆಟವಿರಲಿಲ್ಲ.

"ಕ್ಯಾಪ್ಟನ್ ಬಂದು, ಹಾಕು ಅಂದ್ರ?"

"ಕೊಡಂಗಿಲ್ಲ."

"ಹಡಗ ನಿಂತೈತಿ, ಮಂದಿ ಒದರಾಕ ಹತ್ಯಾರ, ಭೂಮಿಯಿಂದ ದೊಡ್ಡ ಸಾಹೇಬ್ರ ಹುಕುಂ ಬಂದೈತಿ ಅಂದ್ರ?"

"ಸಾಹೇಬ್ರ ರೊಟ್ಟಿ ಉಂಡು ಹೋಗಲಿ. ಕೊಡಂಗಿಲ್ಲ."

"ನಾನ ಮ್ಯಾಲಿಂದ ಕೂಗಿ, ಆತು ಹಾಕು ಅಂದ್ರ?"

ಇಲ್ಲಿ ನಾವು ಮೂವರೂ ‘ಆಗ ಕೊಡಬಹುದು’ ಎಂದು ಒಳಗೇ ಅಂದುಕೊಂಡೆವು. ಅಕ್ಕ ಉಡಿಯ ಮೇಲೆ ಕೈ ಇಟ್ಟಳು.

"ನೀ ಕೂಗಿದರೂ ಕೊಡಂಗಿಲ್ಲೋ ತಮ್ಮಾ. ಗಾಳ್ಯಾಗ ಯಾರ ಕೂಗಿದ್ರೋ ಏನಂತ ಕೂಗಿದ್ರೋ, ನನಗೇನ ಗೊತ್ತು? ನೀ ಇಳದು, ನನ್ನ ಮುಂದ ಬಂದು ನಿಂತು, ನಿನ್ನ ಕೈ ನೀ ಚಾಚಬೇಕು. ಆವಾಗ ಕೊಡತೀನಿ. ಅಲ್ಲೀತನಕ ಇಲ್ಲಿಂದ ಏಳಂಗಿಲ್ಲ."

ಲೈನ್‌ಮನ್ ಕವಡೆ ಎತ್ತಿಕೊಂಡ. "ಮಾಸ್ತರ್ರ, ಪ್ಯಾಸೆಂಜರ್ ಹೊಡದು ಹಾಕ್ರಿ," ಎಂದ. "ಇಂಜಿನಿಯರ್ ಅಂತ ಬರಕೋರಿ."

ಕವಡೆ ಚೆಲ್ಲಿದ. ಒಂದು ಬಿತ್ತು. ನಾನು ಲೆಕ್ಕ ತಪ್ಪಿಸಿ ಹೇಳೋಣವೇ ಎಂದು ನೋಡಿದೆ, ಆದರೆ ಕಾಕಾ ಆಗಲೇ ಬಗ್ಗಿ ಎಣಿಸಿಬಿಟ್ಟಿದ್ದರು.

"ಕಾಲು ಜಾರಿತು," ಎಂದ ಲೈನ್‌ಮನ್ ತಾನೇ. "ಬೆಲ್ಟ್ ಐತಿ, ಬೀಳಂಗಿಲ್ಲ. ಅಕ್ಕಾ, ಫ್ಯೂಸ್?"

"ಇಲ್ಲೇ ಅದಾವಪಾ."

"ಹಂಗಾರ ಮತ್ತ ಹತ್ತತೀನಿ."

ಎರಡನೆಯ ಸಲ ಮೂರು ಬಿತ್ತು. ಅವನು ಕಂಬ ಹತ್ತಿದ್ದನ್ನು ನಾನು ಹೇಳಬೇಕಾಗಲಿಲ್ಲ, ಅವನೇ ಹೇಳಿದ. ಎಡಗಾಲು ಎಲ್ಲಿ, ಬಲಗಾಲು ಎಲ್ಲಿ, ಬೆಲ್ಟಿನ ಕೊಂಡಿ ಯಾವ ಕಡೆ, ತಂತಿ ಮುಟ್ಟುವ ಮೊದಲು ಅದರಲ್ಲಿ ಉಳಿದ ಕರೆಂಟನ್ನು ಭೂಮಿಗೆ ಹೇಗೆ ಇಳಿಸಬೇಕು. ಭೂಮಿ ಎಲ್ಲೋ ಕೋಟಿ ಮೈಲಿ ದೂರ ಉಳಿದಿದೆಯಲ್ಲೋ ಎಂದು ಕಂಪೌಂಡರ್ ಅಂದದ್ದಕ್ಕೆ ಯಾರೂ ನಗಲಿಲ್ಲ. ಆಮೇಲೆ ನಕ್ಕೆವು. ಕೊನೆಗೆ ಲೈನ್‌ಮನ್ ಎದ್ದು ಅಕ್ಕನ ಮುಂದೆ ನಿಂತು ಆ ಸುಟ್ಟ ಅಂಗೈಯನ್ನು ಚಾಚಿದ. ನಾನೂ ಕಾಕಾರೂ ಅದನ್ನು ಮೊದಲ ಸಲ ನೋಡಿದೆವು. ಅಕ್ಕ ಒಂದೊಂದಾಗಿ ಮೂರು ಉಳ್ಳಾಗಡ್ಡಿ ಇಟ್ಟಳು.

ಮರುದಿನ ಸೋಮವಾರ. ಕಾಕಾ ಲಕೋಟೆಯ ಕಟ್ಟು ಬಿಚ್ಚಿ ಮೇಜಿನ ಮೇಲಿಟ್ಟುಕೊಂಡು ಸಂಜೆಯ ತನಕ ಕಾದರಂತೆ. ಕೇಳಲು ಯಾರೂ ಬರಲಿಲ್ಲ.

ಮುಂದಿನ ತಿಂಗಳ ಮೊದಲ ವಾರ ಜೋರು ಗಾಳಿ ಬೀಸಿ ಖಾನಾವಳಿಯ ಎದುರಿನ ಕಂಬದಲ್ಲಿ ತಂತಿ ಹರಿಯಿತು. ಮುದುಕ ಲೈನ್‌ಮನ್ ಊರಿಗೆ ಹೋಗಿಯಾಗಿತ್ತು. ಮಧ್ಯಾಹ್ನ ನಮ್ಮವನು ಒಬ್ಬನೇ ಬಂದ, ಹೆಗಲಿಗೆ ಬೆಲ್ಟು. ಟ್ರಾನ್ಸ್‌ಫಾರ್ಮರಿನ ಮೂರು ಫ್ಯೂಸು ಕಿತ್ತು ಕೈಯಲ್ಲಿ ಹಿಡಿದುಕೊಂಡು ಖಾನಾವಳಿಯ ಬಾಗಿಲಿಗೆ ಬಂದು ನಿಂತ. ಅಕ್ಕ ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಎದ್ದು ಉಡಿ ಹಿಡಿದಳು. ಹಾಕಿಸಿಕೊಂಡು ಹೋಗಿ ಟ್ರಾನ್ಸ್‌ಫಾರ್ಮರಿನ ಕಟ್ಟೆಗೆ ಬೆನ್ನು ಕೊಟ್ಟು ಬಿಸಿಲಲ್ಲಿ ಕುಳಿತಳು.

ಹಿಟ್ಟಿನ ಗಿರಣಿಯವನು ಬಂದು, ಮಂದಿ ಸಾಲು ಹಚ್ಚ್ಯಾರ, ಎಷ್ಟೊತ್ತು ಎಂದು ಕೇಳಿದ. ಅಕ್ಕ ಅವನಿಗೆ ನೆರಳಲ್ಲಿ ನಿಲ್ಲಲು ಹೇಳಿದಳು. ಇನ್ಯಾರೋ ಬಂದರು, ಅವರಿಗೂ ಅದನ್ನೇ ಹೇಳಿದಳು. ಲೈನ್‌ಮನ್ ಮೊದಲು ಅರ್ಧ ಕಂಬ ಹತ್ತಿ ಇಳಿದ. ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಅಕ್ಕನ ಕಡೆ ಒಮ್ಮೆ ನೋಡಿ ಮತ್ತೆ ಹತ್ತಿದ. ಈ ಸಲ ತುದಿಯ ತನಕ ಹೋದ.

ತಂತಿ ಕೂಡಿಸಿ ಇಳಿದು ಬಂದು ಅವಳ ಮುಂದೆ ನಿಂತು ಕೈ ಚಾಚಿದ. ಅವಳು ಮೂರೂ ಫ್ಯೂಸು ಎಣಿಸಿ ಕೊಟ್ಟಳು. ಅವನು ಅವನ್ನು ಸಿಕ್ಕಿಸಿ ಅವಳ ಹಿಂದೆಯೇ ಖಾನಾವಳಿಗೆ ಬಂದ. ಅಷ್ಟರಲ್ಲಿ ಒಲೆಯ ಮೇಲೆ ಬಿಟ್ಟು ಬಂದ ರೊಟ್ಟಿ ಕರಕಾಗಿತ್ತು. ಅಕ್ಕ ಅದನ್ನು ತೆಗೆದುಹಾಕಲು ಹೋದಾಗ ಲೈನ್‌ಮನ್ ಕಸಿದುಕೊಂಡು, ಬಲಗೈಯಲ್ಲಿ ಹಿಡಿದು, ನಿಂತಲ್ಲೇ ತಿಂದ.